ಕೊಡಗಿನ ತೋಟಕ್ಕೆ ಭಾರೀ ಯಂತ್ರ ಸಾಗಿಸುವುದು: ಇಳಿಸುವ ಜಾಗದಿಂದ ಹಿಂದಕ್ಕೆ ಲೆಕ್ಕ ಹಾಕಿ

ಕೊಡಗಿಗೆ ರೈಲಿಲ್ಲ. ಕೆರೆ ತೋಡುವ ಹಿಟಾಚಿ, ರಸ್ತೆ ಗಟ್ಟಿ ಮಾಡುವ ರೋಲರ್, ಕಣಕ್ಕೆ ಬರುವ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹೊಸ ಪಲ್ಪರ್, ದೊಡ್ಡ ಜನರೇಟರ್, ಎಲ್ಲವೂ ಲಾರಿ ಅಥವಾ ಟ್ರೇಲರ್ ಮೇಲೆಯೇ ಬೆಟ್ಟ ಹತ್ತಬೇಕು. ಹೆದ್ದಾರಿಯಲ್ಲಿ ಇರುವಷ್ಟು ಹೊತ್ತು ಸಾಮಾನ್ಯವಾಗಿ ಪರವಾಗಿಲ್ಲ. ತಾಪತ್ರಯ ಶುರುವಾಗೋದು ಹೆದ್ದಾರಿ ಬಿಟ್ಟ ಮೇಲೆ. ತೋಟದ ಗೇಟಿನ ಕಂಬ, ಅಜ್ಜನ ಕಾಲದ ಕಲ್ಲು ಮೋರಿ, ಸಿಲ್ವರ್ ಓಕ್ ಮರಗಳ ನಡುವೆ ಜೋತುಬಿದ್ದ ಕರೆಂಟ್ ತಂತಿ.

ಬಾಡಿಗೆ ಮಾತಾಡುವಾಗ ಎಲ್ಲರೂ ಯಂತ್ರ ಎಲ್ಲಿಂದ ಹೊರಡುತ್ತೆ ಅಂತ ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಎಲ್ಲಿ ಇಳಿಯುತ್ತೆ ಅಂತ. ಇಳಿಸುವ ಜಾಗದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಯಾವ ಗಾಡಿ ಬೇಕು, ಯಾವ ದಾರಿ, ಯಾವ ಹೊತ್ತು, ಎಲ್ಲ ತಾನಾಗಿ ಗೊತ್ತಾಗುತ್ತೆ.

ಕೊನೆಯ ಎರಡು ಕಿಲೋಮೀಟರ್ ನಡೆದು ನೋಡಿ

ಜೀಪಿನಲ್ಲಿ ಹೋಗಿ ಬಂದರೆ ಸಾಲದು. ಟೇಪು ಹಿಡಿದು ನಡೆಯಿರಿ. ತೋಟದ ಮೇಸ್ತ್ರಿಯೋ ಲೆಕ್ಕ ಬರೆಯುವ ರೈಟರೋ ಜೊತೆಗಿದ್ದರೆ ಒಳ್ಳೆಯದು. ಯಾವ ಮೋರಿ ಯಾವ ಮಳೆಯಲ್ಲಿ ಕುಸಿದಿತ್ತು ಅನ್ನೋದು ಅವರಿಗೇ ಗೊತ್ತಿರುತ್ತೆ.

ಗೇಟಿನ ಅಗಲ ಅಳೆಯಿರಿ. ಆದರೆ ಗಾಡಿಯ ಅಗಲಕ್ಕಿಂತ ಗೇಟು ಅರ್ಧ ಅಡಿ ಜಾಸ್ತಿ ಇದೆ ಅಂತ ಸಮಾಧಾನ ಪಡಬೇಡಿ. ರಸ್ತೆಯಿಂದ ಗೇಟಿಗೆ ತಿರುಗಬೇಕಲ್ವಾ? ಟ್ರೇಲರಿನ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ತಿರುವಿನ ಒಳಗಡೆಗೆ ಕತ್ತರಿಸಿಕೊಂಡು ಬರುತ್ತೆ. ಗೇಟಿನ ಕಂಬ ಮುರಿಯೋದು, ಚರಂಡಿಗೆ ಚಕ್ರ ಇಳಿಯೋದು ಹೀಗೇ.

ಮೋರಿಯ ಕೆಳಗೆ ಬಗ್ಗಿ ನೋಡಿ. ಹಳೆಯ ಮೋರಿಗಳಲ್ಲಿ ಕಲ್ಲು ಚಪ್ಪಡಿ ಹಾಸಿರುತ್ತಾರೆ. ಚಪ್ಪಡಿಯಲ್ಲಿ ಬಿರುಕಿದೆಯಾ, ಪಕ್ಕದ ಗೋಡೆಯ ಕಲ್ಲು ಜರುಗಿದೆಯಾ, ನೀರು ಕೊರೆದು ಬುಡ ಟೊಳ್ಳಾಗಿದೆಯಾ ನೋಡಿ. ಪೈಪು ಹಾಕಿದ ಮೋರಿಯಾದರೆ ಪೈಪಿನ ಮೇಲೆ ಎಷ್ಟು ಮಣ್ಣಿದೆ ನೋಡಿ. ಕಾಫಿ ಮೂಟೆ ಹೊತ್ತ ಲಾರಿ ವರ್ಷವೂ ಓಡಾಡುತ್ತೆ ಅನ್ನೋದು ಸಮಾಧಾನದ ಮಾತಷ್ಟೇ. ಆ ಲಾರಿಯ ತೂಕ ಎಷ್ಟು, ಈಗ ಬರುವ ಗಾಡಿಯದು ಎಷ್ಟು ಅಂತ ಎರಡನ್ನೂ ಅಕ್ಕಪಕ್ಕ ಬರೆದುಕೊಳ್ಳಿ.

ತಂತಿಯ ಎತ್ತರ ಅಳೆಯಲು ಬಿದಿರು ಎತ್ತಬೇಡಿ. ಹಸಿ ಬಿದಿರಿನಲ್ಲಿ ಕರೆಂಟ್ ಹರಿಯುತ್ತೆ. ದೂರದಿಂದ ಕಣ್ಣಂದಾಜು ಮಾಡಿ. ಅನುಮಾನ ಬಂದರೆ ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ, ಇಲ್ಲವೇ ಸೆಕ್ಷನ್ ಆಫೀಸಿಗೆ ಹೋಗಿ ಹೇಳಿ. ಯಂತ್ರ ಬರುವ ಹೊತ್ತಿಗೆ ಲೈನ್ ಆಫ್ ಮಾಡಿಸಿಕೊಳ್ಳುವುದು ಒಂದು ದಾರಿ. ತಂತಿ ಎಳೆದು ಬಿಗಿ ಮಾಡಿಸುವುದು ಇನ್ನೂ ಒಳ್ಳೆಯ ದಾರಿ. ಕ್ಲೀನರ್ ಮರದ ಕೋಲಿನಿಂದ ತಂತಿ ಎತ್ತಿ ಹಿಡಿಯುವುದನ್ನು ಕಂಡರೆ ಗಾಡಿ ನಿಲ್ಲಿಸಿ.

ಲೋಬೆಡ್ ಟ್ರೇಲರ್ ಬರುವುದಾದರೆ ಇನ್ನೊಂದು ತೊಂದರೆ. ಅದರ ಹೊಟ್ಟೆ ನೆಲಕ್ಕೆ ಹತ್ತಿರ. ಟಾರು ರಸ್ತೆಯಿಂದ ತೋಟದ ರಸ್ತೆಗೆ ದಿಢೀರ್ ಏರಿದ್ದರೆ ಅಥವಾ ಇಳಿದಿದ್ದರೆ ಹೊಟ್ಟೆ ನೆಲಕ್ಕೆ ಕೂತುಬಿಡುತ್ತೆ. ಮುಂದೆ ಹೋಗಲ್ಲ, ಹಿಂದೆ ಬರಲ್ಲ, ರಸ್ತೆ ಬಂದ್. ಅಂಥ ಕಡೆ ಗೇಟಿನ ಒಳಗೆ ಸಮತಟ್ಟು ಜಾಗ ನೋಡಿ ಅಲ್ಲೇ ಇಳಿಸಿ, ಯಂತ್ರವನ್ನು ತೋಟದೊಳಗೆ ನಡೆಸಿಕೊಂಡು ಹೋಗುವುದೇ ಸರಿ.

ಅಳತೆ ಮತ್ತು ತೂಕ

ನಮ್ಮ ಕಡೆ ಯಾವ ಕಂಪನಿಯದಾದರೂ ಹಿಟಾಚಿ ಅಂತಲೇ ಕರೆಯುತ್ತೇವೆ. ಆದರೆ ಒಂದು ಹಿಟಾಚಿಗೂ ಇನ್ನೊಂದಕ್ಕೂ ಅಜಗಜಾಂತರ. ತೋಟದ ಕೆಲಸಕ್ಕೆ ಬರುವ ಚಿಕ್ಕದು ಸುಮಾರು 7 ಟನ್. ದೊಡ್ಡದು 20 ಟನ್ ಮೀರುತ್ತೆ. ಯಂತ್ರದ ಮೇಲಿರುವ ಪ್ಲೇಟಿನಲ್ಲೋ ಪುಸ್ತಕದಲ್ಲೋ ಇರುವ ತೂಕ ನೋಡಿ. ಅದಕ್ಕೆ ಬಂಡೆ ಒಡೆಯುವ ಬ್ರೇಕರ್, ಎರಡನೇ ಬಕೆಟ್, ಟ್ಯಾಂಕಿನ ಡೀಸೆಲ್, ಚಕ್ರದ ಬದಲಿಗಿರುವ ಚೈನಿಗೆ ಮೆತ್ತಿದ ಮಣ್ಣು, ಇಷ್ಟನ್ನೂ ಸೇರಿಸಿ. ಜೂನ್ ತಿಂಗಳ ಕೆಂಪು ಮಣ್ಣು ಚೈನಿನಲ್ಲಿ ಎಷ್ಟು ತೂಗುತ್ತೆ ಅಂತ ಕೆರೆದು ತೆಗೆದವರಿಗೇ ಗೊತ್ತು. ಅನುಮಾನವಿದ್ದರೆ ಲೋಡ್ ಆದ ಮೇಲೆ ವೇ ಬ್ರಿಡ್ಜ್‌ಗೆ ಹತ್ತಿಸಿ ಚೀಟಿ ಇಟ್ಟುಕೊಳ್ಳಿ.

ಗಾಡಿಯ ಮಿತಿ ಆರ್‌ಸಿಯಲ್ಲಿ ಬರೆದಿರುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಮಿತಿ ಏರಿಸಿದ ಮೇಲೆ ಎರಡು ಆಕ್ಸಲ್‌ನ ಲಾರಿಗೆ ಒಟ್ಟು 18.5 ಟನ್, ಮೂರು ಆಕ್ಸಲ್‌ನದಕ್ಕೆ 28.5 ಟನ್. ಇದು ಲಾರಿಯ ಸ್ವಂತ ತೂಕವೂ ಸೇರಿದ ಲೆಕ್ಕ. ಹಳೆಯ ಗಾಡಿಯ ಆರ್‌ಸಿಯಲ್ಲಿ ಕಡಿಮೆ ಇದ್ದರೆ ಆರ್‌ಸಿಯಲ್ಲಿ ಇರುವುದೇ ನಡೆಯೋದು. ಜಾಸ್ತಿ ಹೇರಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ. ಜಾಸ್ತಿ ಇರುವ ಭಾರವನ್ನು ಅಲ್ಲೇ ಇಳಿಸಬೇಕು. ಹಿಟಾಚಿಯನ್ನು ಅರ್ಧ ಇಳಿಸೋಕಾಗುತ್ತಾ?

ಇನ್ನು ಅಗಲ. ಸರಕು ಗಾಡಿಗೆ ನಿಯಮದ ಅಗಲ 2.6 ಮೀಟರ್. 20 ಟನ್ನಿನ ಹಿಟಾಚಿಯ ಚೈನಿನ ಹೊರ ಅಂಚಿನಿಂದ ಹೊರ ಅಂಚಿಗೆ 2.8 ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬರುತ್ತೆ. ಅಂದರೆ ದೊಡ್ಡ ಹಿಟಾಚಿ ಹೊರಟಾಗಲೇ ಅದು ಮಿತಿ ಮೀರಿದ ಅಳತೆಯ ಲೋಡ್. ಸರಕು ಬದಿಗೆ ಚಾಚಿದರೂ 194ನೇ ಕಲಂನಲ್ಲೇ ಬೇರೆ ದಂಡವಿದೆ. ಬಿಡಿಸಿ ಸಾಗಿಸಲಾಗದ ಒಂಟಿ ಯಂತ್ರ ಅಂತ ಮೊದಲೇ ಅರ್ಜಿ ಹಾಕಿ ಅನುಮತಿ ಪಡೆಯುವ ವ್ಯವಸ್ಥೆ ಇದೆ. ಹೆದ್ದಾರಿಗೆ ಕೇಂದ್ರ ಸಾರಿಗೆ ಸಚಿವಾಲಯದ ಆನ್‌ಲೈನ್ ಅರ್ಜಿ ಇದೆ. ಜಿಲ್ಲೆಯೊಳಗಿನ ರಸ್ತೆಗೆ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಲೋಬೆಡ್ ಮಾಲೀಕರು ಇದನ್ನು ತಾವೇ ಮಾಡಿಸುತ್ತಾರೆ, ಆದರೆ ಪ್ರತಿ ಕೈಗೆ ಬಂದ ಮೇಲೆ ದಿನಾಂಕ ಮತ್ತು ದಾರಿ ಓದಿ ನೋಡಿ.

ಎತ್ತರವೂ ಅಷ್ಟೇ. 20 ಟನ್ನಿನ ಹಿಟಾಚಿ ಬೂಮ್ (ಅದರ ಉದ್ದ ತೋಳು) ಮಡಚಿದಾಗಲೂ ಸುಮಾರು 3 ಮೀಟರ್. ಲೋಬೆಡ್‌ನ ತಳ ಸುಮಾರು ಒಂದು ಮೀಟರ್. ಅದೇ ಯಂತ್ರ ಸಾದಾ ಲಾರಿಯ ತಳದ ಮೇಲೆ ಕೂತರೆ ಇನ್ನೂ ಒಂದೂವರೆ ಅಡಿ ಮೇಲೆ. ತೋಟದ ತಂತಿಗೂ ಮರದ ಕೊಂಬೆಗೂ ಆ ಒಂದೂವರೆ ಅಡಿಯೇ ಸಾಕು.

ಯಾವ ಗಾಡಿ?

ಜೆಸಿಬಿಗೆ ಸಾಮಾನ್ಯವಾಗಿ ಟ್ರೇಲರ್ ಬೇಡ. ರಬ್ಬರ್ ಚಕ್ರ, ಸ್ವಂತ ನಂಬರ್ ಪ್ಲೇಟ್, ರಸ್ತೆಯಲ್ಲಿ ಓಡಾಡಲೆಂದೇ ನೋಂದಣಿ. ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ ಹೋಗೋಕೆ ಅದನ್ನು ಲಾರಿಗೆ ಹತ್ತಿಸುವುದು ಸುಮ್ನೆ ಖರ್ಚು. ಹಿಂದಿನ ಬೂಮ್ ಮಡಚಿ ಲಾಕ್ ಹಾಕಿ, ಮುಂದಿನ ಬಕೆಟ್ ಕೆಳಗಿಟ್ಟುಕೊಂಡು ಹೋದರಾಯಿತು. ಚೈನಿನ ಹಿಟಾಚಿ ಮಾತ್ರ ಟಾರು ರಸ್ತೆಯ ಮೇಲೆ ನಡೆಯಬಾರದು. ರಸ್ತೆಯೂ ಹಾಳು, ಕೇಸೂ ಬೀಳುತ್ತೆ.

7 ಟನ್ನಿನ ಹಿಟಾಚಿಗೆ ಆರು ಚಕ್ರದ ಲಾರಿ ಸಾಕಾಗುತ್ತೆ. ತೋಟದ ರಸ್ತೆಗೆ ಅದೇ ಅನುಕೂಲ ಕೂಡ. ದೊಡ್ಡದಕ್ಕೆ ಲೋಬೆಡ್ಡೇ ಬೇಕು. ನನ್ನ ಕೇಳಿದರೆ, ಕೊಡಗಿನ ತೋಟದ ಕೆಲಸಕ್ಕೆ ದೊಡ್ಡ ಯಂತ್ರ ತರಿಸೋದಕ್ಕಿಂತ ಚಿಕ್ಕದನ್ನು ಎರಡು ದಿನ ಜಾಸ್ತಿ ಓಡಿಸುವುದು ಎಷ್ಟೋ ಸಲ ಅಗ್ಗ. ದೊಡ್ಡದರ ಗಂಟೆ ಲೆಕ್ಕ ಕಡಿಮೆ ಕಾಣುತ್ತೆ ನಿಜ, ಆದರೆ ತಂದು ಕಳಿಸುವ ಖರ್ಚು, ಮುರಿದ ಮೋರಿಯ ರಿಪೇರಿ ಆ ಲೆಕ್ಕದಲ್ಲಿ ಇರುವುದಿಲ್ಲ.

ಕಾಗದ ಪತ್ರ

ಎಳೆಯುವ ಗಾಡಿಗೂ ಟ್ರೇಲರಿಗೂ ಬೇರೆ ಬೇರೆ ಆರ್‌ಸಿ ಇರುತ್ತೆ. ಎರಡರದ್ದೂ ಎಫ್‌ಸಿ, ಇನ್ಶೂರೆನ್ಸ್ ಚಾಲ್ತಿಯಲ್ಲಿರಬೇಕು. ಪರ್ಮಿಟ್ ಮತ್ತು ಎಮಿಷನ್ ಸರ್ಟಿಫಿಕೇಟ್ ಕೂಡ. ಚಾಲಕರ ಲೈಸೆನ್ಸ್ ಆ ವರ್ಗದ ಗಾಡಿಗೆ ಹೊಂದಬೇಕು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸಿನಲ್ಲಿ 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಅಂತ ಹೇಳಿದೆ. ಅದು ಪಿಕಪ್ಪಿಗೆ ಆಯಿತು. ಭಾರೀ ಲಾರಿಗೂ ಲೋಬೆಡ್ಡಿಗೂ ಆ ತೀರ್ಪು ತೋರಿಸಿ ಪ್ರಯೋಜನವಿಲ್ಲ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಲಾರಿಯ ಪಾಲಿಸಿ ಲಾರಿಗೆ. ಮೇಲೆ ಕೂತ ಯಂತ್ರಕ್ಕೆ ಅದು ತಾನಾಗಿ ಅನ್ವಯಿಸುವುದಿಲ್ಲ. ಯಂತ್ರದ ಪಾಲಿಸಿಯಲ್ಲಿ ಸಾಗಿಸುವಾಗಿನ ನಷ್ಟ ಸೇರಿದೆಯಾ ಅಂತ ಏಜೆಂಟರ ಬಾಯಿಮಾತಿನಲ್ಲಲ್ಲ, ಕಾಗದದಲ್ಲಿ ನೋಡಿ.

ಜಿಎಸ್‌ಟಿ ನೋಂದಣಿ ಇರುವವರು 50,000 ರೂಪಾಯಿ ಮೀರಿದ ಸರಕು ಸಾಗಿಸುವಾಗ ಇ-ವೇ ಬಿಲ್ ಬೇಕು. ಮಾರಾಟವಲ್ಲ, ಬರೀ ಕೆಲಸಕ್ಕೆ ಕಳಿಸುತ್ತಿದ್ದೇವೆ ಅಂದರೂ ಡೆಲಿವರಿ ಚಲನ್ ಜೊತೆ ಅದನ್ನು ಮಾಡಬೇಕಾಗುತ್ತೆ. ಸಾಮಾನ್ಯ ಸರಕಿಗೆ ಇದರ ವಾಯಿದೆ 200 ಕಿ.ಮೀ.ಗೆ ಒಂದು ದಿನ. ಮಿತಿ ಮೀರಿದ ಅಳತೆಯ ಲೋಡ್ ಅಂತ ನಮೂದಿಸಿದರೆ 20 ಕಿ.ಮೀ.ಗೆ ಒಂದು ದಿನ. ಲೋಬೆಡ್ ನಿಧಾನವಾಗಿ ಬರುವುದರಿಂದ ಈ ನಮೂದು ಸರಿಯಾಗಿ ಮಾಡಿದರೆ ವಾಯಿದೆ ಮುಗಿದು ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಗೋಳಿಲ್ಲ.

ದಾರಿ ಮತ್ತು ಕಾಲ

ಮೈಸೂರು ಕಡೆಯಿಂದ ಬರುವವರಿಗೆ ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ ಏರು ಸಹಿಸಬಹುದಾದದ್ದು. ಹುಣಸೂರಿನಿಂದ ಆನೆಚೌಕೂರು, ತಿತಿಮತಿ ಮೇಲೆ ಗೋಣಿಕೊಪ್ಪಕ್ಕೆ ಬರುವ ದಾರಿ ಸಮತಟ್ಟು, ಆದರೆ ಆನೆ ಓಡಾಡುವ ಜಾಗ. ಸಂಜೆ ಮೇಲೆ ಅಲ್ಲಿ ಲೋಬೆಡ್ ಕೆಟ್ಟು ನಿಂತರೆ ಇಳಿದು ಟೈರು ನೋಡೋಕೂ ಆಗಲ್ಲ. ಸಿದ್ದಾಪುರ, ಪಾಲಿಬೆಟ್ಟ ಕಡೆಯ ತೋಟಗಳಲ್ಲೂ ಅದೇ ಕಥೆ. ಕುಟ್ಟದ ಕಡೆ ನಾಗರಹೊಳೆ ಕಾಡಿನೊಳಗಿನ ರಸ್ತೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಮಂಗಳೂರು ಕಡೆಯ ಸಂಪಾಜೆ ಘಾಟಿ, ಕಣ್ಣೂರು ಕಡೆಯ ಮಾಕುಟ್ಟ ಘಾಟಿ, ಇವೆರಡರ ವಿಷಯ ಬೇರೆ. 2018ರ ಮಳೆಯಲ್ಲಿ ಎರಡೂ ಕುಸಿದು ಮುಚ್ಚಿದ್ದವು. ಅದಾದ ಮೇಲೆ ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಭಾರೀ ವಾಹನಗಳನ್ನು ನಿರ್ಬಂಧಿಸಿ ಆದೇಶ ಹೊರಡಿಸುವುದು ರೂಢಿಯಾಗಿದೆ. ನೋಂದಾಯಿತ ಒಟ್ಟು ತೂಕ 18,500 ಕೆ.ಜಿ. ಮೀರಿದ ಸರಕು ವಾಹನ ಬೇಡ ಎಂಬ ಮಿತಿ ಹಿಂದಿನ ಆದೇಶಗಳಲ್ಲಿ ಬಂದಿದೆ. ನೋಂದಾಯಿತ ಅನ್ನೋ ಪದ ಗಮನಿಸಿ. ಗಾಡಿ ಖಾಲಿ ಇದ್ದರೂ ಆರ್‌ಸಿಯ ತೂಕವೇ ಲೆಕ್ಕ. ಹೊರಡುವ ಹಿಂದಿನ ದಿನ ಆ ವರ್ಷದ ಆದೇಶ ಓದಿ. ದಿನಾಂಕ, ತೂಕ, ವಿನಾಯಿತಿ ಎಲ್ಲ ಅದರಲ್ಲೇ ಇರುತ್ತೆ.

ಕೆಲಸ ಮುಂದೂಡಬಹುದಾದರೆ ಮಳೆ ಜೋರಾಗಿರುವ ಕಕ್ಕಡ ತಿಂಗಳು ಕಳೆಯಲಿ ಅಂತ ಬಿಡುವುದೇ ಜಾಣತನ. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ, ಕೆರೆ ಕೆಲಸಕ್ಕೂ ಅದೇ ಸರಿ. ಶನಿವಾರ, ಭಾನುವಾರ ಮಡಿಕೇರಿ ದಾಟುವ ಯೋಚನೆ ಬೇಡ, ಪ್ರವಾಸಿಗರ ಕಾರಿನ ಸಾಲಿನಲ್ಲಿ ಲೋಬೆಡ್ ಸಿಕ್ಕಿಕೊಂಡರೆ ಎಲ್ಲರಿಗೂ ಕಷ್ಟ. ವಾರದ ದಿನ, ಮಂಜು ಸರಿದ ಮೇಲೆ, ಶಾಲೆ ಹೊತ್ತು ಬಿಟ್ಟು ಹೊರಡಿ.

ಹತ್ತಿಸುವುದು

ನೆಲ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಮರದ ಬೆಣೆ ಕೊಡಿ. ಚೈನಿನ ಮಣ್ಣು ಕೆರೆದು ತೆಗೆಯಿರಿ. ಒದ್ದೆ ಮಣ್ಣು ಮೆತ್ತಿದ ಕಬ್ಬಿಣದ ಚೈನು ಕಬ್ಬಿಣದ ರ‍್ಯಾಂಪ್ ಮೇಲೆ ಸೋಪಿನ ಹಾಗೆ ಜಾರುತ್ತೆ.

ಯಂತ್ರ ನೇರವಾಗಿ, ರ‍್ಯಾಂಪಿನ ಮಧ್ಯಕ್ಕೆ ಬರಲಿ. ಬೂಮ್ ಮುಂದಕ್ಕೆ, ಬಕೆಟ್ ತಳದಿಂದ ಒಂದಡಿ ಮೇಲೆ. ನಿಧಾನದ ಗೇರಿನಲ್ಲಿ ಒಂದೇ ಸಮನೆ ಹತ್ತಬೇಕು. ರ‍್ಯಾಂಪಿನ ಮೇಲೆ ಇರುವಾಗ ದಿಕ್ಕು ತಿದ್ದುವುದು, ಮೇಲಿನ ಭಾಗ ತಿರುಗಿಸುವುದು ಬೇಡವೇ ಬೇಡ. ಓರೆಯಾಯಿತು ಅನಿಸಿದರೆ ಹಾಗೇ ಹಿಂದಕ್ಕೆ ಇಳಿದು ಮತ್ತೆ ಶುರು ಮಾಡಿ. ಸನ್ನೆ ಮಾಡುವವರು ಒಬ್ಬರೇ ಇರಲಿ, ಪಕ್ಕದಲ್ಲಿ ಯಾರೂ ನಿಲ್ಲಬಾರದು. ನಾಲ್ಕು ಜನ ನಾಲ್ಕು ಕಡೆಯಿಂದ 'ಬಾ ಬಾ' ಅಂದರೆ ಆಪರೇಟರ್ ಯಾರ ಮಾತು ಕೇಳಬೇಕು?

ನಮ್ಮಲ್ಲಿ ರ‍್ಯಾಂಪ್ ಇಲ್ಲದ ಲಾರಿಯನ್ನು ಮಣ್ಣಿನ ದಿಬ್ಬಕ್ಕೆ ರಿವರ್ಸ್ ಕೊಟ್ಟು, ದಿಬ್ಬದ ಮೇಲಿನಿಂದ ಹಿಟಾಚಿ ಹತ್ತಿಸುವುದು ರೂಢಿ. ಅದನ್ನು ತಪ್ಪು ಅನ್ನಲಾರೆ. ಗಟ್ಟಿ ದಿಬ್ಬ ಡೊಂಕು ರ‍್ಯಾಂಪಿಗಿಂತ ವಾಸಿ. ಆದರೆ ಆ ದಿಬ್ಬ ಮೊದಲಿನಿಂದ ಇರುವ ಗಟ್ಟಿ ನೆಲವಾಗಿರಬೇಕು. ಆಗ ತಾನೇ ಬಕೆಟ್ಟಿನಿಂದ ಗುಡ್ಡೆ ಹಾಕಿದ ಮಣ್ಣಾದರೆ ಯಂತ್ರದ ಅರ್ಧ ಭಾರ ಲಾರಿಗೆ ಬಂದ ಹೊತ್ತಿಗೇ ಅಂಚು ಕುಸಿಯುತ್ತೆ.

ಮೇಲೆ ಕೂತ ಮೇಲೆ ಭಾರ ಎಲ್ಲಿ ಬಿತ್ತು ನೋಡಿ. ಹಿಟಾಚಿಯ ಹಿಂಭಾಗದಲ್ಲಿ ಸಮತೋಲಕ್ಕೆ ಇಟ್ಟ ಕೌಂಟರ್‌ವೇಟ್ ಇರುವುದರಿಂದ ಆ ಕಡೆ ಭಾರ ಜಾಸ್ತಿ. ಟ್ರೇಲರಿನ ಬಾಲದ ಕಡೆ ಭಾರ ಜಾಸ್ತಿಯಾದರೆ ಎಳೆಯುವ ಗಾಡಿಯ ಹಿಂದಿನ ಚಕ್ರ ಹಗುರಾಗಿ ಹಿಡಿತ ತಪ್ಪುತ್ತೆ, ಟ್ರೇಲರ್ ಹಾವಾಡುತ್ತೆ. ಸ್ವಲ್ಪ ಭಾರ ಮುಂದಕ್ಕೆ ಇರಲಿ, ಆದರೆ ಮುಂದಿನ ಆಕ್ಸಲ್‌ನ ಮಿತಿ ಮೀರದಂತೆ.

ಆಮೇಲೆ ಬಕೆಟ್ ಮರದ ತುಂಡಿನ ಮೇಲೆ ಇಳಿಸಿ, ಮೇಲಿನ ಭಾಗ ತಿರುಗದಂತೆ ಸ್ವಿಂಗ್ ಲಾಕ್ ಹಾಕಿ, ಎಂಜಿನ್ ಆಫ್ ಮಾಡಿ, ಲಿವರ್‌ಗಳನ್ನು ಅಲ್ಲಾಡಿಸಿ ಹೈಡ್ರಾಲಿಕ್ ಒತ್ತಡ ಬಿಡಿ, ಕ್ಯಾಬಿನ್ ಬೀಗ ಹಾಕಿ. ಆಪರೇಟರ್ ಕ್ಯಾಬಿನ್‌ನಲ್ಲೇ ಕೂತು ಬರುವುದು ಬೇಡ.

ಕಟ್ಟುವುದು

"ಇಷ್ಟು ಭಾರದ್ದು ಎಲ್ಲಿಗೆ ಹೋಗುತ್ತೆ ಸಾಹುಕಾರ್ರೇ" ಅನ್ನೋ ಮಾತು ಕೇಳಿರುತ್ತೀರಿ. ಭಾರ ಇರುವುದರಿಂದಲೇ ಅದು ಹೋಗೋದು. ಬ್ರೇಕ್ ಒತ್ತಿದಾಗ ಲಾರಿ ನಿಲ್ಲುತ್ತೆ, ಯಂತ್ರಕ್ಕೆ ಅದು ಗೊತ್ತಾಗಬೇಕಲ್ಲ. ನೈಲಾನ್ ಹಗ್ಗ ಇಲ್ಲಿ ಯಾವ ಕೆಲಸಕ್ಕೂ ಬಾರದು. ಸರಪಳಿಯೇ ಬೇಕು, ಬಿಗಿಯಲು ರಾಚೆಟ್ ಬೇಕು.

ಯುರೋಪಿನ ಮಾನದಂಡದ ಲೆಕ್ಕ ಸುಲಭ: ಯಂತ್ರ ಮುಂದಕ್ಕೆ ಜಾರದಂತೆ ತೂಕದ ಶೇ 80ರಷ್ಟು, ಬದಿಗೆ ಮತ್ತು ಹಿಂದಕ್ಕೆ ಶೇ 50ರಷ್ಟು ಬಲ ತಡೆಯಬೇಕು. 7.5 ಟನ್ನಿನ ಹಿಟಾಚಿ ತೆಗೆದುಕೊಳ್ಳಿ. ಮುಂದಕ್ಕೆ 6 ಟನ್, ಬದಿಗೆ ಪೌಣೇ ನಾಲ್ಕು ಟನ್. 10 ಮಿ.ಮೀ.ನ ಗ್ರೇಡ್ 80 ಸರಪಳಿಯ ಕಟ್ಟುವ ಸಾಮರ್ಥ್ಯ 6.3 ಟನ್. ನಾಲ್ಕು ಮೂಲೆಯಿಂದ ಕೆಳಕ್ಕೂ ಹೊರಕ್ಕೂ ಓರೆಯಾಗಿ, ಎರಡೂ ಕಡೆಗೆ ಸುಮಾರು 45 ಡಿಗ್ರಿಯಲ್ಲಿ ಕಟ್ಟಿದಾಗ ಒಂದೊಂದರ ಅರ್ಧ ಬಲವಷ್ಟೇ ಉದ್ದಕ್ಕೆ ಸಿಗುತ್ತೆ. ಹಿಂದಿನ ಎರಡೂ ಸೇರಿ 6.3 ಟನ್. ಬೇಕಾದ 6ಕ್ಕೆ ಸರಿಹೋಯಿತು. ಇದೇ ನಾಲ್ಕು ಸರಪಳಿಯಲ್ಲಿ 20 ಟನ್ನಿನದನ್ನು ಕಟ್ಟಿದರೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಅದಕ್ಕೆ 13 ಮಿ.ಮೀ.ನದ್ದು ಬೇಕು, ಸಂಖ್ಯೆಯೂ ಜಾಸ್ತಿ ಬೇಕು, ಚೈನಿನ ಮುಂದೆ ಗಟ್ಟಿಯಾದ ಅಡ್ಡ ತಡೆಯೂ ಬೇಕು.

ಸರಪಳಿಯನ್ನು ಯಂತ್ರದ ಚಾಸಿಯಲ್ಲಿ ಕಟ್ಟಲೆಂದೇ ಕೊಟ್ಟಿರುವ ಕೊಂಡಿಗೆ ಹಾಕಿ. ಹೋಸ್, ಸಿಲಿಂಡರ್ ರಾಡ್, ಮೆಟ್ಟಿಲಿಗೆ ಹಾಕಬೇಡಿ. ಬೂಮಿಗೆ ಪ್ರತ್ಯೇಕ ಸರಪಳಿ ಇರಲಿ. ಬಳಸುವ ಮುಂಚೆ ಒಂದೊಂದು ಕೊಂಡಿಯನ್ನೂ ಕೈಯಲ್ಲಿ ಹಿಡಿದು ನೋಡಿ: ಉದ್ದವಾಗಿ ಎಳೆದಿದ್ದರೆ, ಬೋಲ್ಟ್ ಹಾಕಿ ಜೋಡಿಸಿದ್ದರೆ ಪಕ್ಕಕ್ಕಿಡಿ. ಹೊರಟು ಐದಾರು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಯಂತ್ರ ಕೂತುಕೊಂಡು ಸರಪಳಿ ಸಡಿಲಾಗಿಯೇ ಇರುತ್ತೆ.

ಹೊರಚಾಚಿದ ಅಂಚಿಗೆ ಹಗಲು ಕೆಂಪು ಬಾವುಟ, ಕತ್ತಲಾದರೆ ಕೆಂಪು ದೀಪ. ಹಿಂದಿನ ರಿಫ್ಲೆಕ್ಟರ್ ಪಟ್ಟಿಯ ಕೆಸರು ಒರೆಸಿ.

ಟ್ರ್ಯಾಕ್ಟರ್ ಟ್ರೇಲರ್

ಪಲ್ಪರ್, ಚಿಕ್ಕ ಜನರೇಟರ್, ಪಂಪ್‌ಸೆಟ್ ಟ್ರ್ಯಾಕ್ಟರಿನಲ್ಲೇ ಬರುತ್ತೆ. ಸಾಮಾನ್ಯ ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್. ಅದರ ಹಿಂದೆ ಬ್ರೇಕ್ ಇಲ್ಲದ ಟ್ರೇಲರಿನಲ್ಲಿ 5 ಟನ್ ಹೇರಿ ಇಳಿಜಾರಿಗೆ ಬಿಟ್ಟರೆ ಟ್ರ್ಯಾಕ್ಟರ್ ಎಳೆಯುವುದಿಲ್ಲ, ಟ್ರೇಲರ್ ದಬ್ಬುತ್ತೆ. ತಿರುವಿನಲ್ಲಿ ಅದು ಟ್ರ್ಯಾಕ್ಟರನ್ನು ಅಡ್ಡ ಮಡಚಿಬಿಡುತ್ತೆ. ಉಳುವಾಗ ಬಿಡಿಸಿಟ್ಟ ಎರಡು ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಇಳಿಯುವ ಮುಂಚೆ ಜೋಡಿಸಿ ಲಾಕ್ ಮಾಡಿ. ಇದೊಂದು ಮರೆತರೆ ಒಂದೇ ಚಕ್ರ ಬ್ರೇಕ್ ಹಿಡಿದು ಟ್ರ್ಯಾಕ್ಟರ್ ಪಕ್ಕಕ್ಕೆ ತಿರುಗುತ್ತೆ. ಹುಕ್ಕಿನ ಪಿನ್ನಿಗೆ ಲಾಕ್ ಪಿನ್ ಇರಲಿ, ಜೊತೆಗೊಂದು ಸುರಕ್ಷತಾ ಸರಪಳಿ. ಎಳೆಯುವ ಕೊಂಡಿ ಕೆಳಗಿನ ಡ್ರಾ ಬಾರಿಗೇ ಹಾಕಬೇಕು. ಮೇಲಕ್ಕೆ ಹಾಕಿದರೆ ಏರಿನಲ್ಲಿ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತೆ.

ಕೃಷಿಗೆಂದು ನೋಂದಣಿ ಮಾಡಿಸಿದ ಟ್ರ್ಯಾಕ್ಟರಿನಲ್ಲಿ ಬೇರೆಯವರ ಯಂತ್ರ ಬಾಡಿಗೆಗೆ ಸಾಗಿಸಿದರೆ ಅಪಘಾತವಾದಾಗ ಇನ್ಶೂರೆನ್ಸ್ ಕಂಪನಿ ಕೈ ತೊಳೆದುಕೊಳ್ಳುವುದು ಖಚಿತ. ಲೋಡಿನ ಮೇಲೆ ಕೆಲಸದವರನ್ನು ಕೂರಿಸಿಕೊಂಡು ಬರುವುದಂತೂ ಅದಕ್ಕಿಂತ ಕೆಟ್ಟದ್ದು. ಅವರನ್ನು ಜೀಪಿನಲ್ಲಿ ಕಳಿಸಿ.

ಘಾಟಿಯಲ್ಲಿ

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆಗೆ ಇಳಿಯುವುದೆಂದರೆ ಸಾವಿರ ಮೀಟರಿನಷ್ಟು ಇಳಿತ. ಅಷ್ಟೂ ದೂರ ಕಾಲು ಬ್ರೇಕಿನ ಮೇಲೇ ಇಟ್ಟರೆ ಜೋಡುಪಾಲ ಮುಟ್ಟುವ ಹೊತ್ತಿಗೆ ಬ್ರೇಕ್ ಕಾದು ಹಿಡಿಯುವುದೇ ಇಲ್ಲ. ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ ಗೇರ್, ಬೇಕಿದ್ದರೆ ಇನ್ನೊಂದು ಕೆಳಗೆ. ಇಳಿತ ಶುರುವಾಗುವ ಮುಂಚೆಯೇ ಹಾಕಿಕೊಳ್ಳಿ. ಎಕ್ಸಾಸ್ಟ್ ಬ್ರೇಕ್ ಇದ್ದರೆ ಬಳಸಿ. ನ್ಯೂಟ್ರಲ್ಲಿಗೆ ಹಾಕಿ ಡೀಸೆಲ್ ಉಳಿಸುವ ಆಸೆ ಯಾರಿಗೂ ಬೇಡ. ಬ್ರೇಕ್ ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಬೆಣೆ ಕೊಡಿ, ತಣ್ಣಗಾಗಲಿ. ನೀರು ಎರಚಬೇಡಿ, ಕಾದ ಡ್ರಮ್ ಬಿರುಕು ಬಿಡುತ್ತೆ.

ಎದುರು ಗಾಡಿಗೆ ದಾರಿ ಬಿಡುವಾಗ ಹೊರಗಿನ ಚಕ್ರ ಟಾರಿನಿಂದ ಕೆಳಗೆ ಇಳಿಯಬಾರದು. ಮಳೆ ಕುಡಿದ ಅಂಚು ಕಾರನ್ನು ತಡೆದೀತು, ಲೋಬೆಡ್ಡನ್ನು ತಡೆಯುವುದಿಲ್ಲ. ಮುಂದೊಂದು ಪಿಕಪ್ ಅಥವಾ ಜೀಪು ದೀಪ ಹಾಕಿಕೊಂಡು ಹೋಗಲಿ, ಕುರುಡು ತಿರುವಿನಲ್ಲಿ ಎದುರಿನವರನ್ನು ನಿಲ್ಲಿಸೋಕೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ ಸಹಾಯವಾಣಿ 1033, ಅಪಘಾತಕ್ಕೆ 112.

ಇಳಿಸುವುದು

ಎಲ್ಲರೂ ಸುಸ್ತಾಗಿರುತ್ತಾರೆ, ಕತ್ತಲಾಗುತ್ತಿರುತ್ತೆ, ಚಾಲಕರಿಗೆ ವಾಪಸ್ ಹೋಗುವ ಅವಸರ. ಕತ್ತಲಾಗಿದ್ದರೆ ಗೇಟಿನೊಳಗೆ ನಿಲ್ಲಿಸಿ ಬೆಳಿಗ್ಗೆ ಇಳಿಸಿ. ಸರಪಳಿ ಬಿಚ್ಚುವ ಮುಂಚೆ ಗಾಡಿ ಸಮತಟ್ಟಾಗಿ ನಿಂತಿದೆಯಾ, ಬೆಣೆ ಇದೆಯಾ ನೋಡಿ. ರಾಚೆಟ್ಟಿನ ಹಿಡಿ ಚಿಮ್ಮುತ್ತೆ, ಮುಖ ಅದರ ನೇರಕ್ಕೆ ಇರಬಾರದು. ಹತ್ತಿಸಿದಷ್ಟೇ ನಿಧಾನವಾಗಿ, ನೇರವಾಗಿ ಇಳಿಸಿ.

ಅಕಸ್ಮಾತ್ ಬೂಮ್ ತಂತಿಗೆ ತಗಲಿದರೆ ಆಪರೇಟರ್ ಕ್ಯಾಬಿನ್‌ನಲ್ಲೇ ಕೂತಿರಲಿ, ಯಾರೂ ಯಂತ್ರವನ್ನೋ ಲಾರಿಯನ್ನೋ ಮುಟ್ಟಬಾರದು, 1912ಕ್ಕೆ ಹೇಳಿ ಲೈನ್ ಆಫ್ ಆಗುವವರೆಗೆ ಕಾಯಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ದೂರಕ್ಕೆ ಹಾರಿ, ಕಾಲು ಎತ್ತದೆ ಪಾದ ಸರಿಸುತ್ತಾ ಹೋಗಬೇಕು. ಒಂದೇ ಹೊತ್ತಿಗೆ ಯಂತ್ರವನ್ನೂ ನೆಲವನ್ನೂ ಮುಟ್ಟಬಾರದು.

ಲಾರಿ ಹೊರಡುವ ಮುಂಚೆ ಸರಪಳಿ, ಬೆಣೆ, ರಾಚೆಟ್ ಎಣಿಸಿ ಹಾಕಿಕೊಳ್ಳಿ, ರ‍್ಯಾಂಪ್ ಎತ್ತಿ ಲಾಕ್ ಮಾಡಿ. ಗೇಟಿನ ಮುಂದೆ ಟಾರಿನ ಮೇಲೆ ಬಿದ್ದ ಮಣ್ಣನ್ನು ಗುದ್ದಲಿಯಿಂದ ಕೆರೆದು ತೆಗೆಸಿ. ಒಂದು ಮಳೆ ಬಿದ್ದರೆ ಅಲ್ಲಿ ಬೈಕಿನವರು ಜಾರುತ್ತಾರೆ.